ಟೂರಿಂಗ್ ಬೂಟು ಹಾಕ್ಕೊಂಡು ಮಾಮೂಲಿ ಡೌನ್‌ಹಿಲ್ ಬೈಂಡಿಂಗ್‌ನಲ್ಲಿ ಸ್ಕೀ ಮಾಡಬಹುದಾ?

ಸಕ್ಲೇಶ್ಪುರದವ_ಮ್ಯೂನಿಕ್:

ಎಲ್ರಿಗೂ ನಮಸ್ಕಾರ. ಒಂದು ಡೌಟ್ ಇದೆ, ಗೊತ್ತಿರೋರು ಹೇಳಿ ಪ್ಲೀಸ್.

ನಾನಿರೋದು ಮ್ಯೂನಿಕ್‌ನಲ್ಲಿ. ಹೋದ ಚಳಿಗಾಲದಿಂದ ಸ್ಕೀ ಟೂರಿಂಗ್ ಹುಚ್ಚು ಹಿಡಿದಿದೆ, ಅಂದ್ರೆ ಲಿಫ್ಟ್ ಹತ್ತದೆ ಸ್ಕೀ ಕೆಳಗೆ ಸ್ಕಿನ್ ಅಂಟಿಸ್ಕೊಂಡು ನಡ್ಕೊಂಡೇ ಗುಡ್ಡ ಹತ್ತೋದು, ಮೇಲೆ ಹೋದ್ಮೇಲೆ ಸ್ಕಿನ್ ಕಿತ್ತು ಬ್ಯಾಗಿಗೆ ಹಾಕಿ ಇಳಿಯೋದು. ಅದಕ್ಕೆ ಅಂತ ಸ್ಕಾರ್ಪಾ ಮಾಯೆಸ್ಟ್ರಾಲೆ ಬೂಟು ತಗೊಂಡೆ, ಅಂಗಡಿಯಲ್ಲಿ ಬಿಸಿ ಮಾಡಿ ನನ್ನ ಕಾಲಿಗೆ ಕೂರೋ ಹಾಗೆ ಮಾಡಿಸ್ಕೊಂಡೂ ಆಯ್ತು, ಈಗ ಅದು ನನ್ನ ಕಾಲಿಗೆ ಎಷ್ಟು ಚೆನ್ನಾಗಿ ಹೊಂದ್ಕೊಂಡಿದೆ ಅಂದ್ರೆ ಬೇರೆ ಬೂಟು ಹಾಕೋಕೇ ಮನಸ್ಸು ಬರಲ್ಲ. ಬಾಡಿಗೆ ಬೂಟು ಹಾಕಿದ್ರೆ ಅರ್ಧ ಗಂಟೆಗೆ ಪಾದದ ಹೊರಗಡೆ ಭಾಗ ಜೋಮು ಹಿಡಿಯುತ್ತೆ.

ವಿಷಯ ಏನಂದ್ರೆ ಬರೋ ತಿಂಗಳು ಆಫೀಸಿನವರೆಲ್ಲ ಸೇರಿ ಆಸ್ಟ್ರಿಯಾದ ಸ್ಟುಬಾಯ್ ಗ್ಲೇಷಿಯರ್‌ಗೆ ಹೊರಟಿದೀವಿ, ಅಲ್ಲಿ ಬರೀ ಲಿಫ್ಟ್, ಬರೀ ಪಿಸ್ಟ್ (ಮಷೀನಲ್ಲಿ ಹಿಮ ಸಮ ಮಾಡಿದ ಇಳಿಜಾರು), ಹತ್ತೋ ಕೆಲಸ ಇಲ್ಲ. ಫ್ರೆಂಡ್ ಒಬ್ಬ ತನ್ನ ಹಳೇ ಡೌನ್‌ಹಿಲ್ ಸ್ಕೀ ಕೊಡ್ತೀನಿ ಅಂದಿದಾನೆ, ಅದರ ಮೇಲೆ ಮಾರ್ಕರ್ ಕಂಪನಿಯ ಗ್ರಿಫನ್ ಬೈಂಡಿಂಗ್ ಇದೆ, ಅಂದ್ರೆ ಬೂಟನ್ನ ಸ್ಕೀಗೆ ಹಿಡಿದಿಟ್ಟು ಬಿದ್ದಾಗ ಬಿಟ್ಬಿಡೋ ಕ್ಲಿಪ್ಪು. ನಿನ್ನೆ ಅವನ ಮನೆಯಲ್ಲಿ ನನ್ನ ಟೂರಿಂಗ್ ಬೂಟು ಅದಕ್ಕೆ ಹಾಕಿ ನೋಡಿದ್ವಿ, ಹಿಂದಿನ ಹೀಲ್ ಪೀಸ್ ಸ್ವಲ್ಪ ಸರಿಸಿ ಒತ್ತಿದ್ರೆ ಟಕ್ ಅಂತ ಕೂತ್ಕೊಳ್ತು. ಅವನು ಹೇಳ್ತಾನೆ ಕೂತ್ಕೊಂಡ ಮೇಲೆ ಮುಗೀತಲ್ಲ ಅಂತ. ಆದ್ರೆ ಎಲ್ಲೋ ಓದಿದ ನೆನಪು, ಟೂರಿಂಗ್ ಬೂಟಿನ ಸೋಲ್ ಬೇರೆ ಥರ, ಡೌನ್‌ಹಿಲ್ ಬೈಂಡಿಂಗ್‌ಗೆ ಹಾಕ್ಬಾರದು ಅಂತ. ಬೀಳೋದಂತೂ ಗ್ಯಾರಂಟಿ ಬೀಳ್ತೀನಿ, ಕಲಿತಾ ಇರೋನು ನಾನು. ಹಾಕ್ಬಹುದಾ ಬೇಡ್ವಾ? ಬೇಡ ಅಂದ್ರೆ ಯಾಕೆ ಅಂತನೂ ಹೇಳಿ, ಅವನಿಗೆ ಹೇಳ್ಬೇಕು.

ವ್ಯಾಂಕೂವರ್_ಗೌಡ:

ಗುರು, ತಲೆ ಕೆಡಿಸ್ಕೋಬೇಡ. ನಾನು ಇಲ್ಲಿ ಟೂರಿಂಗ್ ಬೂಟು ಹಾಕ್ಕೊಂಡೇ ರೆಸಾರ್ಟ್ ಸ್ಕೀ ಮಾಡ್ತೀನಿ, ಏನೂ ಆಗಿಲ್ಲ. ಬೂಟು ಹಾಕಿ, ಸ್ಕೀ ಮೇಲೆ ನಿಂತು, ಕಾಲು ಒಳಗಡೆ ಹೊರಗಡೆ ಜೋರಾಗಿ ತಿರುಗ್ಸಿ ನೋಡು, ಬಿಟ್ಕೊಂಡ್ರೆ ಓಕೆ. ಡಿನ್, ಅಂದ್ರೆ ಬೈಂಡಿಂಗ್ ಎಷ್ಟು ಬಲಕ್ಕೆ ಬಿಡ್ಬೇಕು ಅನ್ನೋ ನಂಬರ್, ಸ್ವಲ್ಪ ಕಮ್ಮಿ ಇಟ್ಕೋ ಅಷ್ಟೇ. ಸುಮ್ನೆ ಎರಡೆರಡು ಜೊತೆ ಬೂಟಿಗೆ ಯಾಕೆ ದುಡ್ಡು.

ಹುಬ್ಳಿ_ಟು_ಇನ್ಸ್‌ಬ್ರುಕ್:

ಗೌಡ್ರ, ನೀವು ಹೇಳಿದ್ದು ಓದಿ ಸುಮ್ನ ಕೂಡಾಕ ಆಗ್ಲಿಲ್ರಿ, ಅದಕ್ಕ ಬರೀಲಿಕ್ಕೆ ಹತ್ತೀನಿ. ನಾ ಇಲ್ಲೆ ಓದ್ಲಿಕ್ಕೆ ಬಂದಾಂವ, ಶನಿವಾರ ಭಾನುವಾರ ಒಂದು ಸ್ಕೀ ಅಂಗಡಿ ವರ್ಕ್‌ಶಾಪಿನ್ಯಾಗ ಕೆಲಸ ಮಾಡ್ತೀನಿ, ಬೈಂಡಿಂಗ್ ಕೂಡ್ಸೋದು, ಸೆಟ್ ಮಾಡೋದು, ಮಷೀನಿಗೆ ಹಾಕಿ ಚೆಕ್ ಮಾಡೋದು ಇದ ನನ್ನ ಕೆಲಸ. ಈ ಪ್ರಶ್ನೆ ಸೀಸನ್ನಿನ್ಯಾಗ ವಾರಾ ಬರ್ತದ.

ಸಕ್ಲೇಶ್ಪುರದವ್ರ, ಮೊದ್ಲ ಉತ್ತರ ಹೇಳಿಬಿಡ್ತೀನಿ: ಆ ಬೂಟು ಆ ಬೈಂಡಿಂಗಿಗೆ ಹಾಕಬ್ಯಾಡ್ರಿ. ಈಗ ಯಾಕಂತ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ.

ಡೌನ್‌ಹಿಲ್ ಬೂಟಿನ ಸೋಲಿಗೆ ಒಂದು ಅಳತಿ ಅದ, ಐಎಸ್‌ಒ 5355 ಅಂತ. ದೊಡ್ಡವರ ಬೂಟಿಗೆ ಮುಂದಿನ ತುದಿ, ಅಂದ್ರ ಬೈಂಡಿಂಗಿನ ಟೋ ಪೀಸ್ ಹಿಡ್ಕೊಳ್ಳೋ ಆ ಚಾಚಿದ ಭಾಗ, 19 ಮಿಲಿಮೀಟರ್ ಎತ್ತರ ಇರ್ಬೇಕು, ಒಂದು ಮಿಲಿಮೀಟರ್ ಅತ್ಲಾಗ ಇತ್ಲಾಗ ನಡೀತದ. ಹಿಂದ 30 ಮಿಲಿಮೀಟರ್. ಸೋಲು ಪೂರಾ ಚಪ್ಪಟಿ, ಗಟ್ಟಿ ಪ್ಲಾಸ್ಟಿಕ್. ಯಾವ ಕಂಪನಿ ಬೂಟ್ ಇರ್ಲಿ ಇದ ಅಳತಿ, ಅದಕ್ಕ ಯಾವ ಕಂಪನಿ ಡೌನ್‌ಹಿಲ್ ಬೈಂಡಿಂಗಿಗೆ ಆದ್ರೂ ಕೂಡ್ತದ. ಟೂರಿಂಗ್ ಬೂಟಿಂದು ಬೇರೆ, ಐಎಸ್‌ಒ 9523. ಅದು ನಡೀಲಿಕ್ಕೆ ಅಂತ ಮಾಡಿದ್ದು, ಹಿಂಗಾಗಿ ಮುಂದ ಮ್ಯಾಲಕ್ಕ ಬಾಗಿರ್ತದ, ಸೋಲಿಗೆ ರಬ್ಬರ್, ರಬ್ಬರಿಗೆ ಕಲ್ಲು ಬಂಡಿ ಹಿಡ್ಕೊಳ್ಳೋ ಹಲ್ಲು. ಮುಂದಿನ ಎತ್ತರಾನೂ ಮಾಡೆಲ್ಲಿಂದ ಮಾಡೆಲ್ಲಿಗೆ ಬ್ಯಾರೆ ಬ್ಯಾರೆ.

ಈಗ ಬೈಂಡಿಂಗ್ ಕಡೆ ಬರ್ರಿ. ಟೋ ಪೀಸಿನ ಬೆನ್ನಿಗೆ, ಬೂಟಿನ ಮುಂದಿನ ಸೋಲು ಕೂಡೋ ಜಾಗದಾಗ ಒಂದು ಸಣ್ಣ ನುಣುಪು ಪಟ್ಟಿ ಅದ, ಕೆಲವ್ರಾಗ ಅದು ಅಡ್ಡ ಸರೀತದ. ಎಎಫ್‌ಡಿ ಅಂತೀವಿ ಅದಕ್ಕ. ನೀವು ಬಿದ್ದಾಗ ಕಾಲು ತಿರುವ್ತದಲ್ಲ, ಆವಾಗ ಬೂಟಿನ ಮುಂದಿನ ಭಾಗ ಆ ಪಟ್ಟಿ ಮ್ಯಾಲ ಅಡ್ಡ ಜಾರಿ ಹೊರಗ ಬರ್ಬೇಕು. ಬೈಂಡಿಂಗ್ ಬಿಡ್ತದ ಅಂದ್ರ ಇದ. ಗಟ್ಟಿ ಪ್ಲಾಸ್ಟಿಕ್ ಆದ್ರ ಸಲೀಸು ಜಾರ್ತದ. ರಬ್ಬರ್ ಆದ್ರ ಹಿಡ್ಕೊಂಡ ಬಿಡ್ತದ, ಹಿಡ್ಕೊಳ್ಳಾಕ ಅಂತನ ಮಾಡಿದ ರಬ್ಬರ್ ಅದು. ಅದ್ರ ಮ್ಯಾಲ ಬೂಟಿನ ಮುಂದಿನ ಎತ್ತರ ಜಾಸ್ತಿ ಇದ್ರ ಟೋ ಪೀಸು ಮ್ಯಾಲಿಂದ ಬೂಟನ್ನ ಪಟ್ಟಿಗೆ ಒತ್ತಿ ಹಿಡೀತದ, ಒತ್ತಿದಷ್ಟೂ ರಬ್ಬರ್ ಇನ್ನೂ ಜೋರ ಹಿಡೀತದ. ಮಳಿಗಾಲದಾಗ ನಿಮ್ಮ ಕಡೆ ಕಟ್ಟಿಗಿ ಬಾಗಲ ಉಬ್ಬತಾವಲ್ಲ, ನೂಕಿ ಹಾಕಿದ್ರ ಹಾಕ್ಕೋತದ, ತೆಗೀಲಿಕ್ಕೆ ಹೋದ್ರ ಬರೂದಿಲ್ಲ, ಹಂಗ ಇದು. ಟಕ್ ಅಂತ ಕೂತ್ತು ಅಂದ್ರ ಒಳಗ ಹೋಗ್ತದ ಅಂತಷ್ಟ ಗೊತ್ತಾತು. ಹೊರಗ ಬರ್ತದೇನು ಅನ್ನೋದು ಬ್ಯಾರೇನ ಪ್ರಶ್ನೆ, ಬೈಂಡಿಂಗ್ ಇರೋದ ಆ ಎರಡನೇದಕ್ಕ.

ಇನ್ನ ಗೌಡ್ರು ಹೇಳಿದ ತಿರುವಿ ನೋಡೋ ಟೆಸ್ಟ್. ಮನಿಯಾಗ ನೆಟ್ಟಗ ನಿಂತು ಮೆಲ್ಲಕ ತಿರುವಿದಾಗ ಸೋಲಿನ ಮ್ಯಾಲ ಭಾರ ಬ್ಯಾರೆ ಥರ ಬೀಳ್ತದ. ಪಿಸ್ಟ್ ಮ್ಯಾಲ ಬೀಳೋವಾಗ ಮೈಭಾರ ಎಲ್ಲಾ ಮುಂಗಾಲ ಮ್ಯಾಲ ಬಂದು, ಸ್ಕೀ ವಾಲಿ, ಅದ್ರ ಜೋಡಿ ತಿರುವ್ತದ. ಭಾರ ಹೆಚ್ಚಾದಷ್ಟೂ ರಬ್ಬರಿನ ತಿಕ್ಕಾಟ ಹೆಚ್ಚು. ನಮ್ಮ ವರ್ಕ್‌ಶಾಪಿನ ಮಷೀನ್ ಸುದ್ದಾ ತಿರುವೋ ಬಲ ಎಷ್ಟು, ಹಿಮ್ಮಡಿ ಎತ್ತೋ ಬಲ ಎಷ್ಟು ಅನ್ನೋದಷ್ಟ ಅಳೀತದ. ಮುಂದ ಭಾರ ಹೇರಿ, ಅಡ್ಡ ಒತ್ತಿ, ಹಿಂಗ ಕೂಡ್ಸಿ ಬೈಂಡಿಂಗ್ ಚೆಕ್ ಮಾಡೋದು ಕಂಪನಿ ಲ್ಯಾಬಿನ್ಯಾಗ, ಅದೂ ಆ ಬೈಂಡಿಂಗಿಗೆ ಒಪ್ಪೋ ಸೋಲ್ ಇಟ್ಟು. ಅದಕ್ಕ ನಂಬರ್ ಸರಿ ಬಂತು ಅಂದ್ರೂ ಸೋಲೂ ಬೈಂಡಿಂಗೂ ಜೋಡಿ ಅಲ್ಲ ಅಂದ್ರ ನಾವು ಸಹಿ ಹಾಕೂದಿಲ್ಲ.

ಡಿನ್ ಕಮ್ಮಿ ಇಡೋದೂ ಪರಿಹಾರ ಅಲ್ರಿ. ತಿಕ್ಕಾಟ ಒಂದ ಸಮ ಇರೂದಿಲ್ಲ, ಸೋಲು ಒಣಗಿದ್ರ ಒಂದು, ಒದ್ದಿ ಆದ್ರ ಒಂದು, ಹಿಮ ಮೆತ್ಕೊಂಡಿದ್ರ ಇನ್ನೊಂದು. ತಿರುವಿದಾಗ ಬಿಡೂದಿಲ್ಲ, ಹಿಂದ ಹಿಮ್ಮಡಿ ಕಡೆ ಡಿನ್ ಕಮ್ಮಿ ಆಗಿ ಬ್ಯಾಡಾದಾಗ ಬಿಡ್ತದ, ಎರಡೂ ಕಡೆ ಲುಕ್ಸಾನು.

ಝ್ಯೂರಿಕ್_ಫಿಸಿಯೋ:

ಹುಬ್ಳಿಯವರು ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ, ನಾನು ಇಲ್ಲಿ ಫಿಸಿಯೋಥೆರಪಿಸ್ಟ್, ಚಳಿಗಾಲ ಬಂದ್ರೆ ನಮ್ಮಲ್ಲಿಗೆ ಬರೋರಲ್ಲಿ ಸ್ಕೀ ಮಾಡೋಕೆ ಹೋಗಿ ಮೊಣಕಾಲು ಹಾಳು ಮಾಡ್ಕೊಂಡವರು ಬಹಳ.

ಬೈಂಡಿಂಗ್ ಸರಿಯಾಗಿ ಬಿಡೋದ್ರಿಂದ ನಿಜವಾಗ್ಲೂ ಉಳಿಯೋದು ಮೊಣಕಾಲಿನ ಕೆಳಗಿನ ಮೂಳೆ, ಟಿಬಿಯಾ. ಅಮೆರಿಕದ ವರ್ಮಾಂಟ್‌ನಲ್ಲಿ ಶುಗರ್‌ಬುಷ್ ಅನ್ನೋ ರೆಸಾರ್ಟ್‌ನಲ್ಲಿ ಜಾನ್ಸನ್, ಎಟ್ಲಿಂಗರ್, ಶೀಲಿ ಅನ್ನೋ ಮೂವರು 1972ರಿಂದ ದಶಕಗಳ ಕಾಲ ಗಾಯಗಳ ಲೆಕ್ಕ ಇಟ್ಟಿದಾರೆ, ಅದರಲ್ಲಿ ಕಾಣೋದು ಇದೇ, ಬೈಂಡಿಂಗ್ ಮತ್ತೆ ಬೂಟು ಸುಧಾರಿಸ್ತಾ ಹೋದ ಹಾಗೆ ಮೂಳೆ ಮುರಿಯೋದು ಭಾರೀ ಕಮ್ಮಿ ಆಯ್ತು. ಆದ್ರೆ ಮೊಣಕಾಲಿನ ಒಳಗಿನ ಲಿಗಮೆಂಟ್, ಎಸಿಎಲ್, ಅದಕ್ಕೆ ಅಷ್ಟು ರಕ್ಷಣೆ ಸಿಗ್ಲಿಲ್ಲ. ಯಾಕಂದ್ರೆ ಬೈಂಡಿಂಗ್‌ಗೆ ಗೊತ್ತಾಗೋದು ಬೂಟಿನ ತುದಿ ಮತ್ತೆ ಹಿಮ್ಮಡಿಗೆ ಬೀಳೋ ಬಲ ಮಾತ್ರ, ಮೊಣಕಾಲಲ್ಲಿ ಏನಾಗ್ತಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಅಂದ್ರೆ ಎಲ್ಲ ಸರಿ ಇದ್ದಾಗಲೇ ಮೊಣಕಾಲಿಗೆ ಪೂರ್ತಿ ಗ್ಯಾರಂಟಿ ಇಲ್ಲ, ಹಾಗಿರುವಾಗ ಟಿಬಿಯಾಗೆ ಇರೋ ಆ ಒಂದು ಗ್ಯಾರಂಟಿನೂ ನಾವೇ ಯಾಕೆ ಕಳ್ಕೋಬೇಕು ಹೇಳಿ.

ಇನ್ನೊಂದು ಮಾತು, ಕಲಿಯೋರು ನಿಧಾನವಾಗಿ ಹೋಗ್ತೀವಲ್ಲ ನಮಗೇನಾಗುತ್ತೆ ಅಂದ್ಕೊಳ್ತಾರೆ. ಹಾಗಲ್ಲ. ನಿಧಾನಕ್ಕೆ ಬೀಳೋವಾಗ ಸ್ಕೀ ಹಿಮಕ್ಕೆ ಸಿಕ್ಕಿಹಾಕ್ಕೊಂಡು ಅಲ್ಲೇ ನಿಲ್ಲುತ್ತೆ, ಮೈ ಒಂದು ಕಡೆ ತಿರುಗ್ತಾನೇ ಹೋಗುತ್ತೆ, ಝಾಡಿಸೋ ಜೋರು ಇರಲ್ಲ, ಬೈಂಡಿಂಗ್ ಸ್ವಲ್ಪ ಬಿಗಿ ಇದ್ರೂ ಬಿಡೋದೇ ಇಲ್ಲ, ತಿರುಚೋ ಬಲ ಪೂರ್ತಿ ಕಾಲಿಗೆ. ಸುರುಳಿ ಥರ ಮೂಳೆ ಮುರಿಯೋದು ಹೀಗೇ. ಕಲಿಯೋ ಹಂತದಲ್ಲಿರೋರಿಗೇ ಬೈಂಡಿಂಗ್ ಹೆಚ್ಚು ಸಲೀಸಾಗಿ ಬಿಡಬೇಕು. ಸೆಟಿಂಗ್ ಚಾರ್ಟ್‌ನಲ್ಲೂ ಹಾಗೇ ಇದೆ, ತೂಕ, ಎತ್ತರ, ವಯಸ್ಸು, ಬೂಟಿನ ಸೋಲ್ ಉದ್ದ, ಇದ್ರ ಜೊತೆಗೆ ನೀವು ಹೇಗೆ ಸ್ಕೀ ಮಾಡ್ತೀರ ಅನ್ನೋದನ್ನೂ ಕೇಳ್ತಾರೆ, ಅಲ್ಲಿ ಜಂಬ ಕೊಚ್ಕೋಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ. ಸ್ವಿಟ್ಜರ್ಲೆಂಡ್‌ನಲ್ಲಿ ಅಪಘಾತ ತಡೆಗೆ ಅಂತ ಇರೋ ಬಿಎಫ್‌ಯು ಸಂಸ್ಥೆ ಪ್ರತಿ ವರ್ಷ ಬೈಂಡಿಂಗ್ ಚೆಕ್ ಮಾಡಿಸಿ ಅಂತ ಹೇಳುತ್ತೆ, ಚೆಕ್ ಆದ ಸ್ಕೀಗೆ ಅಂಗಡಿಯವರು ಒಂದು ಸ್ಟಿಕ್ಕರ್ ಹಚ್ತಾರೆ. ಹಳೇ ಸ್ಕೀ ಯಾರೋ ಕೊಟ್ರು ಅಂತ ಹಾಗೇ ಹಾಕ್ಕೊಂಡು ಹೋಗೋದು ಬೇಡ, ಅವರ ತೂಕ ಬೇರೆ ನಿಮ್ಮ ತೂಕ ಬೇರೆ.

ವ್ಯಾಂಕೂವರ್_ಗೌಡ:

ಓಕೆ ಓಕೆ ಒಪ್ಕೊಳ್ತೀನಿ ರಬ್ಬರ್ ವಿಷಯ ಸರಿ ಇದೆ. ಆದ್ರೆ ಒಂದು ಕೇಳ್ಲಾ, ನನ್ನ ಬೂಟಲ್ಲಿ ಟೂರಿಂಗ್ ಬೈಂಡಿಂಗ್‌ನ ಪಿನ್ ಕೂರೋ ತೂತೂ ಇದೆ, ಸೋಲ್ ಮೇಲೆ ಗ್ರಿಪ್‌ವಾಕ್ ಅಂತನೂ ಬರ್ದಿದೆ, ಅಂಗಡಿಯವನೇ ನನ್ನ ರೆಸಾರ್ಟ್ ಸ್ಕೀಗೆ ಸೆಟ್ ಮಾಡಿ ಕೊಟ್ಟಿದ್ದು. ಅದೂ ತಪ್ಪಾ ಹಾಗಾದ್ರೆ?

ಹುಬ್ಳಿ_ಟು_ಇನ್ಸ್‌ಬ್ರುಕ್:

ಅಲ್ಲೇ ಅದ ನೋಡ್ರಿ ವ್ಯತ್ಯಾಸ, ಗೌಡ್ರ. ನಿಮ್ಮ ಬೂಟು ಬ್ಯಾರೆ, ಇವ್ರ ಬೂಟು ಬ್ಯಾರೆ. ಗ್ರಿಪ್‌ವಾಕ್ ಅನ್ನೋದು ಮೂರನೇ ಥರದ ಸೋಲು, ಅದಕ್ಕ ಐಎಸ್‌ಒ 23223 ಅಂತ ಬ್ಯಾರೆ ಮಾನಕ ಅದ. ಅದೂ ನಡೀಲಿಕ್ಕೆ ಸ್ವಲ್ಪ ಬಾಗಿರ್ತದ, ರಬ್ಬರೂ ಇರ್ತದ, ಆದ್ರ ಎಎಫ್‌ಡಿ ಮ್ಯಾಲ ಕೂಡೋ ಜಾಗಕ್ಕ ಮಾತ್ರ ಗಟ್ಟಿ ಪ್ಲಾಸ್ಟಿಕ್ ತುಂಡು ಹಾಕಿರ್ತಾರ, ಬೂಟು ತಿರುವಿ ಹಿಡಿದ್ರ ಕಣ್ಣಿಗೆ ಕಾಣ್ತದ. ಬೈಂಡಿಂಗಿನ ಮ್ಯಾಲೂ ಗ್ರಿಪ್‌ವಾಕ್ ಅಂತ ಇತ್ತಂದ್ರ ಅಂಗಡಿಯಾಂವ ಸೆಟ್ ಮಾಡಿ ಕೊಟ್ಟಿದ್ದು ಸರಿನ ಅದ, ನೀವು ಆರಾಮ ಸ್ಕೀ ಮಾಡ್ರಿ. ಗ್ರಿಪ್‌ವಾಕ್ ಬೂಟನ್ನ ಹಳೇ ಬರೀ ಡೌನ್‌ಹಿಲ್ ಬೈಂಡಿಂಗಿಗೆ ಹಾಕೋದು ಮತ್ತ ತಪ್ಪು, ಅದು ನೆನಪಿರ್ಲಿ.

ಈಗ ಬರೋ ಭಾರೀ ಟೂರಿಂಗ್ ಬೂಟ್‌ಗಳಾಗ, ಅಂದ್ರ ಹತ್ತೋದಕ್ಕಿಂತ ಇಳಿಯೋದಕ್ಕ ಹೆಚ್ಚು ಒತ್ತು ಕೊಟ್ಟವ್ರಾಗ, ಪಿನ್ ತೂತೂ ಗ್ರಿಪ್‌ವಾಕ್ ಸೋಲೂ ಎರಡೂ ಬರ್ತಾವ, ಟೆಕ್ನಿಕಾ ಕೊಚೀಸ್, ಲಾಂಗೆ ಎಕ್ಸ್‌ಟಿ ಫ್ರೀ, ಅಟಾಮಿಕ್ ಹಾಕ್ಸ್ ಎಕ್ಸ್‌ಟಿಡಿ, ಹಿಂಗ. ಎರಡು ಕೆಲಸಕ್ಕ ಒಂದ ಬೂಟು ಬೇಕನ್ನೋರಿಗೆ ಇವ ಛಲೋ. ತೂಕ ಸ್ವಲ್ಪ ಜಾಸ್ತಿ ಅಷ್ಟ. ಮಾಯೆಸ್ಟ್ರಾಲೆ ಅಂಥದ್ದಲ್ಲ, ಅದು 9523 ಸೋಲು, ಪೂರಾ ರಬ್ಬರ್. ಬೂಟು ಛಲೋನ ಅದ, ಅದ್ರ ಕೆಲಸ ಬ್ಯಾರೆ.

ಸಕ್ಲೇಶ್ಪುರದವ್ರ, ನಿಮ್ಮ ಫ್ರೆಂಡಿನ ಗ್ರಿಫನ್ ಮ್ಯಾಲ ಪೂರಾ ಏನ ಬರ್ದದ ನೋಡಿ ಹೇಳ್ರಿ. ಗ್ರಿಫನ್ ಅನ್ನೋ ಒಂದ ಹೆಸರಿನ್ಯಾಗ ಎರಡು ಥರ ಅದಾವ. ಹೆಸರಿನ ಮುಂದ ಐಡಿ ಅಂತ ಇತ್ತಂದ್ರ ಕಥಿನ ಬದಲಾಗ್ತದ.

ಸಕ್ಲೇಶ್ಪುರದವ_ಮ್ಯೂನಿಕ್:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಬಾಗಿಲಿನ ಮಾತು ಫ್ರೆಂಡಿಗೆ ಹೇಳ್ದೆ, ಅವನೂ ಮಂಗಳೂರು ಕಡೆಯವನೇ, ತಕ್ಷಣ ಅರ್ಥ ಆಯ್ತು.

ಬೈಂಡಿಂಗ್ ಫೋಟೋ ತರಿಸ್ಕೊಂಡೆ. ಬರೀ ಗ್ರಿಫನ್ ಅಂತಿದೆ, ಐಡಿ ಇಲ್ಲ, ಗ್ರಿಪ್‌ವಾಕ್ ಅಂತನೂ ಇಲ್ಲ. ಆದ್ರೆ ಅವನ ಅಣ್ಣನ ಹತ್ರ ಇನ್ನೊಂದು ಹಳೇ ಸ್ಕೀ ಇದೆಯಂತೆ, ಅದರ ಬೈಂಡಿಂಗ್‌ನ ಮುಂದಿನ ಟೋ ಪೀಸ್‌ನಲ್ಲಿ ಎತ್ತರ ಹೆಚ್ಚು ಕಮ್ಮಿ ಮಾಡೋ ಸ್ಕ್ರೂ ಇದೆ ಅಂತಿದಾನೆ, ಎತ್ತರ ಹೊಂದಿಸಿದ್ರೆ ಆಗಲ್ವಾ? ಮತ್ತೆ ಐಡಿ ಇದ್ರೆ ಏನು ಬದಲಾಗ್ತಿತ್ತು?

ಡೆನ್ವರ್_ಮೈಸೂರು:

ಇದಕ್ಕೆ ನಾನು ಹೇಳ್ತೀನಿ, ನನ್ನ ಸ್ಕೀ ಮೇಲೆ ಇರೋದು ಅದೇ ಥರದ್ದು.

ಎತ್ತರದ ಸ್ಕ್ರೂ ಕೆಲವು ಹಳೇ ಡೌನ್‌ಹಿಲ್ ಬೈಂಡಿಂಗ್‌ಗಳಲ್ಲೂ ಇರುತ್ತೆ, ಸೋಲ್ ಸ್ವಲ್ಪ ಸವೆದಿದ್ರೆ ಆ ಒಂದೆರಡು ಮಿಲಿಮೀಟರ್ ಸರಿ ಮಾಡ್ಕೊಳ್ಳೋಕೆ. ಟೂರಿಂಗ್ ಬೂಟಿನ ವ್ಯತ್ಯಾಸಕ್ಕೆ ಅದು ಸಾಕಾಗಲ್ಲ, ಸಾಕಾದ್ರೂ ಕೆಳಗಿರೋ ಎಎಫ್‌ಡಿ ರಬ್ಬರ್‌ಗೆ ಅಂತ ಮಾಡಿದ್ದಲ್ಲ. ಆ ಅಣ್ಣನ ಸ್ಕೀ ಆಸೆ ಬಿಟ್ಬಿಡಿ.

ಎಲ್ಲ ಥರದ ಸೋಲಿಗೂ ಆಗೋ ಡೌನ್‌ಹಿಲ್ ಬೈಂಡಿಂಗ್ ಅಂತನೇ ಬೇರೆ ಮಾಡ್ತಾರೆ. ಮಾರ್ಕರ್‌ನವರು ಅದಕ್ಕೆ ಸೋಲ್ ಐಡಿ ಅಂತಾರೆ, ಗ್ರಿಫನ್ ಐಡಿ, ಜೆಸ್ಟರ್ ಐಡಿ ಹೀಗೆ. ಸಾಲೊಮನ್ ಮತ್ತೆ ಅಟಾಮಿಕ್‌ನವರು ಎಂಎನ್‌ಸಿ ಅಂತಾರೆ, ಅವರ ವಾರ್ಡನ್ ಎಂಎನ್‌ಸಿ ತುಂಬಾ ಜನ ಹಾಕ್ತಾರೆ. ಟಿರೋಲಿಯಾ ಅಟ್ಯಾಕ್‌ನಲ್ಲಿ ಹೆಸರಿನ ಕೊನೆಗೆ ಎಟಿ ಅಂತ ಇದ್ರೆ ಟೂರಿಂಗ್ ಬೂಟಿಗೂ ಆಗುತ್ತೆ, ಜಿಡಬ್ಲ್ಯೂ ಅಂತ ಇದ್ರೆ ಡೌನ್‌ಹಿಲ್ ಮತ್ತೆ ಗ್ರಿಪ್‌ವಾಕ್‌ಗೆ ಮಾತ್ರ. ಈ ಎರಡಕ್ಷರ ನೋಡದೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡು ಆಮೇಲೆ ಪರದಾಡೋರು ಜಾಸ್ತಿ. ಇವುಗಳಲ್ಲಿ ಎಎಫ್‌ಡಿ ಅಗಲ ಇರುತ್ತೆ, ರಬ್ಬರ್ ಸೋಲಿನ ಜೊತೆಗೇ ಅಡ್ಡ ಸರಿಯುತ್ತೆ, ಎತ್ತರನೂ ಜಾಸ್ತಿ ವ್ಯಾಪ್ತಿಯಲ್ಲಿ ಹೊಂದಿಸಬಹುದು. ಸೋಲಿಗೂ ಎಎಫ್‌ಡಿಗೂ ಮಧ್ಯೆ ಎಷ್ಟು ಸಂದು ಇರ್ಬೇಕು ಅಂತ ಕಂಪನಿ ಕೈಪಿಡಿಯಲ್ಲಿ ಇರುತ್ತೆ, ಹೆಚ್ಚು ಕಮ್ಮಿ ಒಂದು ಹಾಳೆ ಎಳೆದ್ರೆ ಸ್ವಲ್ಪ ಹಿಡಿದು ಹಿಡಿದು ಬರೋವಷ್ಟು. ಪ್ರತಿ ಬೂಟಿಗೂ ಬೇರೆ ಬೇರೆ ಹೊಂದಿಸ್ಬೇಕು, ಇವತ್ತು ಡೌನ್‌ಹಿಲ್ ಬೂಟು ನಾಳೆ ಟೂರಿಂಗ್ ಬೂಟು ಅಂತ ಹಾಗೇ ಬದಲಾಯಿಸೋಕಾಗಲ್ಲ.

ಇದರಲ್ಲೂ ಒಂದು ಮಿತಿ ಇದೆ. ಬೂಟು ಐಎಸ್‌ಒ 9523 ಆದ್ರೂ ಆಗಿರ್ಬೇಕು. ತೀರಾ ಹಗುರ ಟೂರಿಂಗ್ ಬೂಟುಗಳು ಇದಾವಲ್ಲ, ಉದಾಹರಣೆಗೆ ಡೈನಾಫಿಟ್ ಟಿಎಲ್‌ಟಿ 7, ಅದರಲ್ಲಿ ಮುಂದೆ ಟೋ ಪೀಸ್ ಹಿಡ್ಕೊಳ್ಳೋ ತುಟಿನೇ ಇಲ್ಲ, ಅದಕ್ಕೆ ಪಿನ್ ಬೈಂಡಿಂಗ್ ಒಂದೇ ಗತಿ. ಮಾಯೆಸ್ಟ್ರಾಲೆಗೆ ಆ ತೊಂದ್ರೆ ಇಲ್ಲ.

ಇಲ್ಲಿ ಅಮೆರಿಕದ ಅಂಗಡಿಗಳಲ್ಲಿ ಕಂಪನಿಯವರು ಕಾನೂನು ರಕ್ಷಣೆ ಕೊಡೋ ಬೈಂಡಿಂಗ್‌ಗಳ ಪಟ್ಟಿ ಇರುತ್ತೆ, ತುಂಬಾ ಹಳೇದಾದ್ರೆ ಪಟ್ಟಿಯಿಂದ ತೆಗೀತಾರೆ, ಪಟ್ಟಿಯಲ್ಲಿ ಇಲ್ಲ ಅಂದ್ರೆ ಮುಟ್ಟೋದೇ ಇಲ್ಲ. ಸೋಲ್ ಹೊಂದಲ್ಲ ಅಂದ್ರೂ ಅಷ್ಟೇ. ಜನ ಬೇಜಾರು ಮಾಡ್ಕೊಳ್ತಾರೆ, ಆದ್ರೆ ಅಂಗಡಿಯವನು ಇಲ್ಲ ಅಂದಾಗ ಇನ್ನೊಂದು ಅಂಗಡಿ ಹುಡುಕೋ ಬದಲು ಯಾಕೆ ಅಂತ ಕೇಳೋದು ಒಳ್ಳೇದು.

ಬೆಂಗ್ಳೂರ್_ಗುಲ್ಮಾರ್ಗ್:

ಒಳ್ಳೇ ಥ್ರೆಡ್, ನಮ್ಮ ಕಡೆಯವರಿಗೆ ಬೇಕಾದ ಮಾಹಿತಿ. ನಾನು ಬೆಂಗಳೂರಿಂದ ಚಳಿಗಾಲದಲ್ಲಿ ಗುಲ್ಮಾರ್ಗ್‌ಗೆ ಹೋಗೋನು. ಅಲ್ಲಿ ಈ ಪ್ರಶ್ನೆ ಇನ್ನೂ ಜಾಸ್ತಿ ಬರುತ್ತೆ, ಯಾಕಂದ್ರೆ ಗೊಂಡೋಲಾ ಎರಡನೇ ಹಂತ ಹತ್ತಿ ಅಫರ್ವಾತ್ ಹತ್ರ ಇಳಿದ್ರೆ ಮುಂದೆ ಸ್ವಲ್ಪ ನಡೆದು ಹೋಗಿ ಇಳಿಯೋ ಜಾಗಗಳೇ ಚೆನ್ನಾಗಿರೋದು, ಹಾಗಾಗಿ ನಡೆಯೋ ಬೂಟು ಬೇಕು ಅನ್ಸುತ್ತೆ, ಆದ್ರೆ ಬಾಡಿಗೆಗೆ ಸಿಗೋ ಸ್ಕೀ ಮೇಲೆ ಸಾಮಾನ್ಯವಾಗಿ ಡೌನ್‌ಹಿಲ್ ಬೈಂಡಿಂಗ್. ವಿದೇಶದಿಂದ ಬರೋ ಗೆಳೆಯರ ಕೈಲಿ ಟೂರಿಂಗ್ ಬೂಟು ತರಿಸ್ಕೊಂಡು ಅದನ್ನ ಬಾಡಿಗೆ ಸ್ಕೀಗೆ ತುರುಕೋರನ್ನ ನೋಡಿದೀನಿ. ಅಷ್ಟು ಎತ್ತರದಲ್ಲಿ ಕಾಲು ಮುರಿದ್ರೆ ಕೆಳಗೆ ತರೋದು, ಆಮೇಲೆ ತಂಗ್‌ಮಾರ್ಗ್ ದಾಟಿ ಶ್ರೀನಗರಕ್ಕೆ ಹೋಗೋದು, ಯೋಚನೆ ಮಾಡಿ.

ನನ್ನ ಪ್ರಶ್ನೆ: ನಮ್ಮಂಥವರಿಗೆ ಬೂಟು ಒಂದೇ ಜೊತೆ ತಗೊಳ್ಳೋಕೆ ಆಗೋದು, ವಿಮಾನದಲ್ಲಿ ಹೊರೋದೂ ಒಂದೇ. ಏನು ತಗೊಳ್ಳೋದು?

ಡೆನ್ವರ್_ಮೈಸೂರು:

ಗುಲ್ಮಾರ್ಗ್‌ಗೆ ಹೋಗೋರಾದ್ರೆ ಗ್ರಿಪ್‌ವಾಕ್ ಸೋಲು, ಪಿನ್ ತೂತು, ನಡೆಯೋ ಮೋಡ್, ಈ ಮೂರೂ ಇರೋ ಬೂಟು. ಕೆಲವು ಮಾಡೆಲ್‌ಗಳಿಗೆ ಸೋಲ್ ತುಂಡು ಬಿಚ್ಚಿ ಬೇರೆ ಹಾಕೋ ಸೌಲಭ್ಯನೂ ಇರುತ್ತೆ, ಚಪ್ಪಟೆ 5355 ಸೋಲಿನ ಜೊತೆನೂ ಸಿಕ್ಕಿದ್ರೆ ತಗೊಂಡು ಬ್ಯಾಗಲ್ಲಿ ಇಟ್ಕೊಳ್ಳಿ, ಬಾಡಿಗೆ ಬೈಂಡಿಂಗ್ ಹಳೇದಾಗಿದ್ರೆ ಬೇಕಾಗುತ್ತೆ. ಸೋಲ್ ಬದಲಾಯಿಸಿದ ಮೇಲೆ ಬೈಂಡಿಂಗ್ ಮತ್ತೆ ಸೆಟ್ ಮಾಡಿಸ್ಲೇಬೇಕು.

ದುಡ್ಡು ಇದ್ರೆ ಶಿಫ್ಟ್ ಬೈಂಡಿಂಗ್. 2018ರಲ್ಲಿ ಸಾಲೊಮನ್, ಅಟಾಮಿಕ್‌ನವರು ತಂದಿದ್ದು, ಹತ್ತೋವಾಗ ಪಿನ್‌ನಲ್ಲಿ, ಇಳಿಯೋವಾಗ ಮುಂದಿನ ಭಾಗ ತಿರುಗಿಸಿದ್ರೆ ಪೂರ್ತಿ ಡೌನ್‌ಹಿಲ್ ಬೈಂಡಿಂಗ್ ಥರ ಹಿಡ್ಕೊಳ್ಳುತ್ತೆ, 9523 ಸೋಲೂ ನಡೆಯುತ್ತೆ. ಮಾರ್ಕರ್ ಡ್ಯೂಕ್ ಪಿಟಿ ಕೂಡ ಅದೇ ಜಾತಿ. ತೂಕ ಮತ್ತೆ ಬೆಲೆ ಎರಡೂ ಜಾಸ್ತಿ.

ಸಕ್ಲೇಶ್ಪುರದವ_ಮ್ಯೂನಿಕ್:

ಇನ್ನೊಂದೇ ಪ್ರಶ್ನೆ, ಬೇಜಾರಾಗ್ಬೇಡಿ. ಹಾಗಾದ್ರೆ ನನ್ನ ಟೂರಿಂಗ್ ಸ್ಕೀನೇ, ಪಿನ್ ಬೈಂಡಿಂಗ್ ಇರೋದು, ಸ್ಟುಬಾಯ್‌ಗೆ ತಗೊಂಡು ಹೋಗಿ ಪಿಸ್ಟ್‌ನಲ್ಲಿ ಸ್ಕೀ ಮಾಡಿದ್ರೆ? ಬೂಟು ಹೊಂದುತ್ತಲ್ಲ.

ಹುಬ್ಳಿ_ಟು_ಇನ್ಸ್‌ಬ್ರುಕ್:

ಹೊಂದ್ತದ. ಹಿಡ್ಕೊಂಡ ರಬ್ಬರಿಗಿಂತ ಅದು ಎಷ್ಟೋ ಮೇಲು. ಇಲ್ಲೆ ಟೈರೋಲಿನ್ಯಾಗ ದಿನಾ ಮಾಡೋರು ಅದಾರ, ಪಿನ್ ಬೈಂಡಿಂಗ್ ಹುಟ್ಟಿದ್ದ ಇಲ್ಲೆ, 1980ರ ದಶಕದಾಗ ಫ್ರಿಟ್ಸ್ ಬಾರ್ಟೆಲ್ ಅನ್ನಾಂವ ಹತ್ತೋವಾಗ ಕಾಲಿಗೆ ಭಾರ ಆಗ್ತದಂತ ಮಾಡಿದ್ದು, ಡೈನಾಫಿಟ್‌ನವ್ರು ಅದನ್ನ ಮಾರಾಟಕ್ಕ ತಂದ್ರು. ನನಗ ಆ ಮನುಷ್ಯಾನ ಮ್ಯಾಲ ಭಾಳ ಗೌರವ ಅದ, ಎರಡು ಪಿನ್ ಎರಡು ತೂತು ಇಷ್ಟರಾಗ ಕಿಲೋಗಟ್ಟಲೆ ಭಾರ ಇಳ್ಸಿಬಿಟ್ಟ.

ಆದ್ರ ಅದು ಹತ್ತಲಿಕ್ಕೆ ಮಾಡಿದ್ದು ಅನ್ನೋದು ಪಿಸ್ಟ್ ಮ್ಯಾಲ ಗೊತ್ತಾಗ್ತದ. ಡೌನ್‌ಹಿಲ್ ಬೈಂಡಿಂಗ್ ಬಿಡೋಕ್ಕಿಂತ ಮೊದ್ಲ ಬೂಟನ್ನ ಸ್ವಲ್ಪ ದೂರ ಅಡ್ಡ ಹೋಗಾಕ ಬಿಟ್ಟು ಮತ್ತ ನಡುವಿಗೆ ತರ್ತದ, ಸಣ್ಣ ಸಣ್ಣ ಏಟು ಅಲ್ಲೇ ಹೀರ್ಕೋತದ. ಮಾಮೂಲಿ ಪಿನ್ನಿನ್ಯಾಗ ಆ ಸ್ಥಿತಿಸ್ಥಾಪಕ ಗುಣ ಕಮ್ಮಿ, ಗಟ್ಟಿ ಐಸ್ ಮ್ಯಾಲ ಜೋರ ಹೋದ್ರ ಕಡಕಡ ಅಂತ ಕಾಲಿಗೆ ಬಡೀತದ, ಬ್ಯಾಡಾದಾಗ ಬಿಡೋದೂ ಉಂಟು. ಅದ್ರಾಗ ಅಡ್ಡ ಬಿಡೋದು ಹಿಂದಿನ ಹೀಲ್ ಪೀಸ್ ಕಡಿಂದ, ಫ್ರಿಟ್ಷಿ ಕಂಪನಿ ವೈಪೆಕ್, ಟೆಕ್ಟನ್ ಇಂಥವ್ರಾಗ ಮಾತ್ರ ಮುಂದಿಂದ ಅಡ್ಡ ಬಿಡ್ತದ. ಮತ್ತ ಒಂದು, ಬಿಡಬಾರ್ದಂತ ಮುಂದಿನ ಲಿವರ್ ಎತ್ತಿ ಲಾಕ್ ಮಾಡ್ಕೊಂಡು ಇಳೀಲಿಕ್ಕೆ ಹೋಗಬ್ಯಾಡ್ರಿ, ಅದು ಹತ್ತೋವಾಗ ಹಾಕೋ ಲಾಕು. ಅದು ಹಾಕಿದ್ರ ಬಿಡೋದ ಇಲ್ಲ.

ಮೆತ್ತಗಿನ ಹಿಮ ಇದ್ದ ದಿನ, ನಿಧಾನ ಹೋಗೋದಾದ್ರ ನಿಮ್ಮ ಸ್ಕೀ ನಡೀತದ. ಆದ್ರ ಗೆಳ್ಯಾರ ಜೋಡಿ ಮುಂಜಾನೆಯಿಂದ ಸಂಜಿತನಕ ಪಿಸ್ಟ್ ಅಂದ್ರ ನಾ ಹೇಳೋದು ಇಷ್ಟ: ಸ್ಕೀನ ಬಾಡಿಗಿಗೆ ತಗೊಳ್ರಿ, ಬೂಟು ನಿಮ್ದ ಇರ್ಲಿ. ಫೋನ್ ಮಾಡುವಾಗ ಬೂಟಿನ ಹೆಸರು ಹೇಳಿ, ಐಎಸ್‌ಒ 9523 ಸೋಲಿಗೆ ಒಪ್ಪೋ ಬೈಂಡಿಂಗ್ ಇರೋ ಸ್ಕೀ ಬೇಕು ಅಂತ ಮೊದ್ಲ ಕೇಳ್ರಿ. ಫ್ರೀರೈಡ್ ಸ್ಕೀ, ಅಂದ್ರ ಪಿಸ್ಟ್ ಬಿಟ್ಟು ಹೊರಗಿನ ಹಿಮಕ್ಕ ಹಾಕೋ ಸ್ಕೀ, ಇಟ್ಟ ಅಂಗಡಿಯಾಗ ಸಿಗೋ ಸಾಧ್ಯತೆ ಹೆಚ್ಚು, ಎಲ್ಲಾ ಕಡೆ ಇರೂದಿಲ್ಲ. ಸಿಗ್ಲಿಲ್ಲಂದ್ರ ಆವತ್ತೊಂದಿನ ಬಾಡಿಗಿ ಬೂಟು, ಆದ್ರ ಪಾದ ಅಗಲ ಅದ ಅಂತ ಹೇಳ್ರಿ, ಅಗಲದ ಬೂಟು ಬ್ಯಾರೇನ ಇಟ್ಟಿರ್ತಾರ, ಜೋಮು ಹಿಡಿಯೋದು ನಮ್ಮ ಕಾಲಿಗೆ ಇಕ್ಕಟ್ಟಿನ ಬೂಟು ಕೊಟ್ಟಾಗ.

ಸಕ್ಲೇಶ್ಪುರದವ_ಮ್ಯೂನಿಕ್:

ಅಗಲದ ಬೂಟು ಅಂತ ಕೇಳ್ಬಹುದು ಅನ್ನೋದೇ ಗೊತ್ತಿರ್ಲಿಲ್ಲ! ನಾಳೆನೇ ಸ್ಟುಬಾಯ್ ಹತ್ರದ ನೊಯ್‌ಸ್ಟಿಫ್ಟ್ ಕಡೆ ಅಂಗಡಿಗಳಿಗೆ ಫೋನ್ ಮಾಡ್ತೀನಿ. ಫ್ರೆಂಡಿನ ಸ್ಕೀ ಬೇಡ ಅಂತ ಹೇಳಿ ಆಯ್ತು, ಅವನು ತನ್ನ ಡೌನ್‌ಹಿಲ್ ಬೂಟಿನ ಜೊತೆ ಅದನ್ನ ಚೆಕ್ ಮಾಡಿಸೋಕೆ ಹಾಕ್ತಾನಂತೆ, ತಗೊಂಡಾಗಿಂದ ಮಾಡಿಸೇ ಇಲ್ವಂತೆ.

ಝ್ಯೂರಿಕ್_ಫಿಸಿಯೋ:

ತುಂಬಾ ಖುಷಿ ಆಯ್ತು ಇದು ಓದಿ. ಅವರಿಗೆ ಹೇಳಿ, ಚೆಕ್ ಮಾಡಿಸುವಾಗ ಈಗಿನ ತೂಕ ಹೇಳ್ಬೇಕು, ಸ್ಕೀ ತಗೊಂಡಾಗಿನ ತೂಕ ಅಲ್ಲ. ವಯಸ್ಸು 50 ದಾಟಿದ್ರೆ ಚಾರ್ಟ್‌ನಲ್ಲಿ ಅದಕ್ಕೂ ಕಮ್ಮಿ ಮಾಡ್ತಾರೆ.

ಹುಬ್ಳಿ_ಟು_ಇನ್ಸ್‌ಬ್ರುಕ್:

ನೊಯ್‌ಸ್ಟಿಫ್ಟ್‌ನ್ಯಾಗ ಸಿಗ್ಲಿಲ್ಲಂದ್ರ ಇನ್ಸ್‌ಬ್ರುಕ್ಕಿನ್ಯಾಗ ನಿಂತು ಹೋಗ್ರಿ, ನೀವು ಬರೋ ದಾರಿನ ಅದ. ಶನಿವಾರ ಮುಂಜಾನೆ ಮಾತ್ರ ಬರಬ್ಯಾಡ್ರಿ, ಎಲ್ಲಾ ಅಂಗಡಿಯಾಗೂ ಗದ್ದಲ, ಹಿಂದಿನ ದಿನ ಸಂಜಿಗೆ ಬಂದ್ರ ಸಾವಕಾಶ ಕೂತು ಸೆಟ್ ಮಾಡಿ ಕೊಡ್ತಾರ. ಎರಡೂ ಬೂಟು ತರ್ರಿ, ಒಂದ ತಂದು ಇನ್ನೊಂದೂ ಹಂಗ ಅದ ಅನ್ನಬ್ಯಾಡ್ರಿ, ಸವೆತ ಎರಡರಾಗೂ ಒಂದ ಸಮ ಇರೂದಿಲ್ಲ. ಸೋಲಿನ ಹಲ್ಲಿನ್ಯಾಗಿನ ಮಣ್ಣು ಕಲ್ಲು ತೊಳ್ಕೊಂಡು ಒಣಗ್ಸಿ ತರ್ರಿ. ಬೂಟಿನ ಹಿಮ್ಮಡಿ ಬದಿಗೆ ಮಿಲಿಮೀಟರಿನ್ಯಾಗ ಒಂದು ನಂಬರ್ ಅಚ್ಚು ಹಾಕಿರ್ತದ, 300ರ ಆಸುಪಾಸು ಇರ್ತದ, ಅದು ಸೋಲಿನ ಉದ್ದ, ಫೋನಿನ್ಯಾಗ ಅದನ್ನೂ ಹೇಳಿಬಿಟ್ರ ಸ್ಕೀ ರೆಡಿ ಮಾಡಿ ಇಟ್ಟಿರ್ತಾರ.